ಮೂರು ಒಣ ಮೆಟ್ಟಿಲು

ನನ್ನ ಜೀರುಂಡೆಗೆ,

ನೀನು ಫೋನ್ ಇಟ್ಟು ಮೂರು ದಿನವಾಯಿತು. ನನ್ನ ಹರಟೆ ನಿಂತೂ ಮೂರು ದಿನವಾಯಿತು. ಈ ಮನೆಯಲ್ಲಿ ಎರಡನೆಯದೇ ದೊಡ್ಡ ಸುದ್ದಿ. ನಿನ್ನಮ್ಮ ಎರಡು ಸಲ ಬಂದು ಹಣೆ ಮುಟ್ಟಿ ಜ್ವರ ನೋಡಿ ಹೋದಳು. ಜ್ವರವಿಲ್ಲ ಕಣೇ. ಮರದ ಕೊಂಬೆ ಕಡಿಯುವವನು ತಾನು ಕೂತ ಕೊಂಬೆಯನ್ನೇ ಕಡಿಯುತ್ತಿದ್ದೇನೆಂದು ಅರ್ಧಕ್ಕೆ ತಿಳಿದಾಗ ಹೇಗೆ ಸುಮ್ಮನಾಗುತ್ತಾನೋ ಹಾಗೆ ಸುಮ್ಮನಾಗಿದ್ದೆ. ಇವತ್ತು ಬುಧವಾರ. ನಿನ್ನ ಅರ್ಜಿಗೆ ಶುಕ್ರವಾರ ಕೊನೆಯ ದಿನ. ಅದಕ್ಕೇ ಬರೆಯಲು ಕೂತೆ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಬೈದುಕೊಂಡು ಓದು, ಆದರೆ ಪೂರ್ತಿ ಓದು.

ಮೊದಲು ಆ ನಾಲ್ಕು ಹಾಳೆಗಳ ವಿಷಯ. ಹೋದ ತಿಂಗಳು ನೀನು ಬಂದು, ನನ್ನ ಹೊಲಿಗೆ ಯಂತ್ರದ ಕೆಳಗಿದ್ದ ಟ್ರಂಕು ಎಳೆದು, ನಿನ್ನ ತಾತನ ಮೂವತ್ತೊಂದು ನೋಟ್‌ಬುಕ್ಕುಗಳನ್ನು ಒಂದೊಂದಾಗಿ ಗಾಜಿನ ಯಂತ್ರದ ಕೆಳಗಿಟ್ಟು ಚಿತ್ರ ತೆಗೆದುಕೊಂಡು ಹೋದೆ. ಎರಡು ದಿನ ಮನೆಯಲ್ಲಿ ನುಸಿಗುಳಿಗೆಯ ವಾಸನೆ. ನೀನು ಸೀನುತ್ತಾ, ನಗುತ್ತಾ, "ಅಜ್ಜಿ, ಇದು ಚಿನ್ನ ಕಣೇ, ಚಿನ್ನ!" ಎನ್ನುತ್ತಿದ್ದೆ. ಚಿನ್ನವೇ ಆಗಿದ್ದರೆ ಹುಳು ಮುಟ್ಟುತ್ತಿರಲಿಲ್ಲವಲ್ಲ ಎಂದು ನಾನಂದೆ. ಹೋಗುವಾಗ, ನೋಟ್‌ಬುಕ್ಕು ನಿನ್ನದು, ನಿನ್ನ ಒಪ್ಪಿಗೆ ಬೇಕು, ಕಾಗದ ಕಳಿಸುತ್ತೇನೆ, ಸಹಿ ಹಾಕು ಎಂದಿದ್ದೆ. ಹೋದ ವಾರ ಬಂತು. ನಾಲ್ಕು ಹಾಳೆ. ತಲೆಬರಹ ಓದುವುದಕ್ಕೇ ಒಂದು ಲೋಟ ನೀರು ಕುಡಿಯಬೇಕಾಯಿತು. 'ದತ್ತಾಂಶ ನಿರ್ವಹಣೆ ಮತ್ತು ಹಂಚಿಕೆಯ ಯೋಜನೆ.'

ಇದೇನೇ ಇದು, ಯಾರ ಮನೆಯ ಆಸ್ತಿ ಪಾಲು ಎಂದು ಕೇಳಿದ್ದಕ್ಕೆ ನೀನು ಫೋನಿನಲ್ಲಿ ನಕ್ಕೆ. "ಸಂಶೋಧನೆಗೆ ದುಡ್ಡು ಕೊಡೋರು ಈಗ ಇದನ್ನ ಕೇಳೇ ಕೇಳ್ತಾರೆ ಅಜ್ಜಿ. ಅಂಕಿಗಳನ್ನ ಎಲ್ಲಿಂದ ತಂದ್ರಿ, ಎಲ್ಲಿಡ್ತೀರಿ, ಹೇಗೆ ಕಾಪಾಡ್ತೀರಿ, ಯಾರಿಗೆ ಕೊಡ್ತೀರಿ, ಯಾವಾಗ ಕೊಡ್ತೀರಿ. ಇದು ಸರಿಯಿಲ್ದಿದ್ರೆ ಅರ್ಜೀನ ಮುಟ್ಟೋದೇ ಇಲ್ಲ." ಅಜ್ಜಿಗೆ ಅರಿವೆ ಚಿಂತೆಯಾದರೆ ಮೊಮ್ಮಗಳಿಗೆ ಅರ್ಜಿಯ ಚಿಂತೆ ಅಂದುಕೊಂಡೆ. ನಾಲ್ಕು ವರ್ಷದಿಂದ ನೀನು ಆ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಕೆಲಸ ಇದೆಯೋ ಇಲ್ಲವೋ ಎಂದು ಉಗುರು ಕಚ್ಚುತ್ತಾ ಕೂತಿರುವುದು ನನಗೆ ಗೊತ್ತಿಲ್ಲವೇ? ಈ ಅರ್ಜಿ ಹಿಡಿದರೆ ಐದು ವರ್ಷ ನೆಮ್ಮದಿ. ಕಳೆದುಕೊಂಡರೆ ಗಂಟುಮೂಟೆ. ಅದಕ್ಕೇ ಸಹಿ ಹಾಕಿಯೇ ಬಿಡೋಣ ಎಂದು ಪೆನ್ನು ಹುಡುಕಿದೆ. ಆದರೆ ಓದದೆ ಸಹಿ ಹಾಕುವ ಜಾಯಮಾನ ನನ್ನದಲ್ಲ. ನಾಲ್ಕನೇ ತರಗತಿಯವಳೇ ಇರಬಹುದು. ಬೆರಳು ಕೆಳಗಿಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಓದಿದೆ.

ಮೊದಲ ಹಾಳೆ ಚೆನ್ನಾಗಿತ್ತು. ಮೂರು ಪ್ರತಿ ಮಾಡಿ ಮೂರು ಕಡೆ ಇಡುವುದಂತೆ. ಸರಿಯಾದ ಬುದ್ಧಿ. ನಿನ್ನ ತಾತನ ಆಫೀಸಿನವರು ತಮ್ಮ ಪ್ರತಿಯನ್ನು ಕಟ್ಟಡ ಬದಲಿಸುವಾಗ ರದ್ದಿಗೆ ಹಾಕಿದರು, ಉಳಿದದ್ದು ನನ್ನ ಟ್ರಂಕು ಒಂದೇ. ಹತ್ತು ವರ್ಷ ಕಾಪಾಡುವುದಂತೆ, ಅದಕ್ಕೆ ಜವಾಬ್ದಾರಿ ಯಾರದು ಎಂಬಲ್ಲಿ ನಿನ್ನ ಹೆಸರು. ಅಯ್ಯೋ, ನಾನು ಇಪ್ಪತ್ತೆರಡು ವರ್ಷ ಕಾಪಾಡಿದೆ, ನನ್ನನ್ನು ಯಾರೂ ಹಾಳೆಯಲ್ಲಿ ಬರೆಯಲಿಲ್ಲ. ಎರಡನೇ ಹಾಳೆಗೆ ಬಂದೆ. 'ಜಗತ್ತಿನ ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ, ಈ ಅಂಕಿಗಳನ್ನು ತೆರೆದು ನೋಡಬಹುದು, ಬಳಸಬಹುದು.' ಅಲ್ಲಿಗೆ ಬೆರಳು ನಿಂತಿತು. ಯಾರು ಬೇಕಾದರೂ ಅಂದರೆ? ಹಾದಿಯಲ್ಲಿ ಹೋಗುವವರೆಲ್ಲ ಬಂದು ನಮ್ಮ ಟ್ರಂಕಿಗೆ ಕೈ ಹಾಕುವುದೇ? ಹಾಳೆ ಮಗುಚಿಟ್ಟೆ. ಯಾಕೆ ಮಗುಚಿಟ್ಟೆ ಎಂದು ಆಗ ನಿನ್ನಮ್ಮನಿಗೆ ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳು ನಾನೇ ಅಂತ ನನಗೊಬ್ಬಳಿಗೇ ಗೊತ್ತಿತ್ತು.

ಮೂರನೇ ಹಾಳೆಯಲ್ಲಿ ಆ ಸಾಲು ಇತ್ತು. 'ನದಿಯ ನೀರಿನ ಮಟ್ಟವನ್ನು ತರಬೇತಿ ಪಡೆದ ಒಬ್ಬರೇ ವೀಕ್ಷಕರು ಮೂವತ್ತೊಂದು ವರ್ಷ ಕಾಲ, ದಿನಕ್ಕೆ ಎರಡು ಬಾರಿ, ಒಂದು ದಿನವೂ ತಪ್ಪದೆ ದಾಖಲಿಸಿದ್ದಾರೆ.' ಅದರ ಕೆಳಗೆ, 'ಇದರಲ್ಲಿ ಕೊರತೆಗಳಿಲ್ಲ.'

ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟೆ.

ನಿನ್ನ ತಾತ ಸೇತುವೆಯ ಪಕ್ಕದ ಅಳತೆ ಕಂಬ ಓದುವ ಕೆಲಸದಲ್ಲಿದ್ದರು ಎಂದು ನಿನಗೆ ಗೊತ್ತು. ಬೆಳಿಗ್ಗೆ ಆರಕ್ಕೆ ಒಂದು ಸಲ, ಸಂಜೆ ಆರಕ್ಕೆ ಒಂದು ಸಲ. ನಮ್ಮ ಕ್ವಾರ್ಟರ್ಸು ದಂಡೆಯ ಮೇಲೆ, ಎರಡು ಕೋಣೆ, ಹಿತ್ತಲ ಬಾಗಿಲು ತೆರೆದರೆ ನದಿಗಿಳಿಯುವ ಇಪ್ಪತ್ತಾರು ಕಲ್ಲು ಮೆಟ್ಟಿಲು. ಮೆಟ್ಟಿಲ ಪಕ್ಕದಲ್ಲಿ ಕಪ್ಪು ಬಿಳಿ ಪಟ್ಟೆಯ ಕಂಬ. ನಿಂತು ನೋಡು, ನೀರು ಯಾವ ಪಟ್ಟೆ ಮುಟ್ಟಿದೆ, ಬರೆ. ಅಷ್ಟೇ ಕೆಲಸ. ಅಷ್ಟೇ ಕೆಲಸಕ್ಕೂ ಕಣ್ಣು ಬೇಕು ನೋಡು. ಕೆಲಸಕ್ಕೆ ಸೇರಿದ ಇಪ್ಪತ್ತೆರಡನೇ ವರ್ಷಕ್ಕೆ ಅವರ ಕಣ್ಣು ಹೋಯಿತು. ಒಂದೇ ದಿನಕ್ಕಲ್ಲ, ಬದಿಯಿಂದ ಕತ್ತಲೆ ಮುಚ್ಚುತ್ತಾ ಬಂತು. ಡಾಕ್ಟರು ನರ ಒಣಗಿದೆ, ಆಪರೇಷನ್ನಿಗೆ ದಕ್ಕುವುದಲ್ಲ ಅಂದರು. ಆಫೀಸಿಗೆ ತಿಳಿದರೆ ಕೆಲಸವೂ ಹೋಯಿತು, ಮನೆಯೂ ಹೋಯಿತು. ತಿಳಿಸಲಿಲ್ಲ. ಕೊನೆಯ ಒಂಬತ್ತು ವರ್ಷ ಕಂಬ ಓದಿದವಳು ನಾನು. ಅವರ ಹಾಗೆ ಏಳನ್ನು ಬಾಲ ಎಳೆದು ಬರೆಯುವುದನ್ನು ಕಲಿತೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಜೊತೆಗೆ ಇಳಿಯುತ್ತಿದ್ದರು, ನೋಡಿದವರಿಗೆ ಗಂಡ ಹೆಂಡತಿ ಗಾಳಿಗೆ ಬಂದಿದ್ದಾರೆ ಅನ್ನಿಸುವ ಹಾಗೆ. ಸೇತುವೆ ಕಾವಲುಗಾರ ಒಂದು ದಿನ, "ಏನಕ್ಕಾ, ಈ ವಯಸ್ಸಲ್ಲೂ ದಿನಾ ಎರಡು ಹೊತ್ತು ಜೋಡಿ ವಾಕಿಂಗಾ!" ಎಂದು ಕಿಸಕ್ಕನೆ ನಕ್ಕ. ನಿನಗೆ ಹೊಟ್ಟೆಯುರಿಯಾ ಎಂದು ಕೇಳಿ ಬಾಯಿ ಮುಚ್ಚಿಸಿದೆ.

ಇಷ್ಟಾದರೆ ಅದು ಸುಳ್ಳಲ್ಲ ಅಂತ ನಾನೇ ಸಮಾಧಾನ ಮಾಡಿಕೊಂಡಿದ್ದೆ. ಕೈ ನನ್ನದಾದರೂ ಅಂಕಿ ನದಿಯದೇ. ಸುಳ್ಳು ಬೇರೆ ಇದೆ. ಹನ್ನೊಂದು ದಿನದ್ದು.

ನಿನ್ನಮ್ಮನಿಗೆ ಆಗ ಏಳೂವರೆ ತಿಂಗಳು, ಬಸ್ಸಿನಲ್ಲಿ ಒಂದು ಹಗಲಿನ ದಾರಿಯಾಚೆ ಇದ್ದಳು. ನೋವು ಶುರುವಾಯಿತು, ಆಸ್ಪತ್ರೆಗೆ ಸೇರಿಸಿದ್ದೇವೆ, ಮಗು ಉಳಿಯುವುದು ಕಷ್ಟ ಎಂದು ಸೇತುವೆ ಚೌಕಿಯ ಫೋನಿಗೆ ಸುದ್ದಿ ಬಂತು. ಸಂಜೆಯ ಅಳತೆ ಬರೆದಿಟ್ಟು, ಉಟ್ಟ ಸೀರೆಯಲ್ಲೇ ಹೊರಟೆ. ಹೊರಡುವಾಗ ನಿನ್ನ ತಾತನಿಗೆ ಅಂದೆ, "ನೀವು ಮನೆ ಬಿಟ್ಟು ಕದಲಬೇಡಿ. ಕಂಬದ ಹತ್ರ ಹೋಗ್ಲೇಬೇಡಿ. ನಾನು ಬಂದು ತುಂಬ್ಕೋತೀನಿ." ಏನನ್ನು ತುಂಬುತ್ತೇನೆ, ಎಲ್ಲಿಂದ ತಂದು ತುಂಬುತ್ತೇನೆ ಎಂದು ನಾನೂ ಯೋಚಿಸಲಿಲ್ಲ, ಅವರೂ ಕೇಳಲಿಲ್ಲ.

ನಾಲ್ಕನೇ ದಿನ ನೀನು ಹುಟ್ಟಿದೆ. ಒಂದು ಕೇಜಿ ಆರುನೂರು ಗ್ರಾಮು. ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ಇಷ್ಟು ಸಣ್ಣ ದೇಹದಿಂದ ಅಷ್ಟು ದೊಡ್ಡ ಕಿರ್ ಸದ್ದು ಹೇಗೆ ಬರುತ್ತದೆ ಎಂದು ನರ್ಸುಗಳೇ ಬಂದು ನೋಡಿದರು. ಜೀರುಂಡೆ ಎಂಬ ಹೆಸರು ಅಲ್ಲೇ ಅಂಟಿದ್ದು. ಅಲ್ಲಿದ್ದಷ್ಟು ದಿನವೂ ನಾನು ಆ ಗಾಜನ್ನು ನೋಡುತ್ತಾ ನಿಂತೆ. ನದಿ ನೆನಪಿಗೇ ಬರಲಿಲ್ಲ ಎಂದು ಆಣೆ ಮಾಡಿ ಹೇಳುತ್ತೇನೆ.

ಹನ್ನೆರಡನೇ ದಿನ ಬೆಳಗಿನ ಜಾವ ಮನೆಗೆ ಬಂದೆ. ಆರಕ್ಕೆ ಕಂಬ ಓದಿದೆ: ನಾಲ್ಕು ಮೀಟರು ಎಂಬತ್ತು. ಹೋಗುವಾಗ ಬರೆದದ್ದು ನಾಲ್ಕು ನಲವತ್ತೈದು. ನಡುವೆ ಇಪ್ಪತ್ತೆರಡು ಖಾಲಿ ಗೆರೆ. ನಿನ್ನ ತಾತ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. "ನೋಟ್‌ಬುಕ್ ತಗೋ, ನಾನು ಹೇಳ್ತೀನಿ, ಬರ್ಕೋ. ಹದಿನಾಲ್ಕು. ಹದಿನಾಲ್ಕು. ಹದಿಮೂರು..." ಎಂದರು. ಏನು ಹದಿನಾಲ್ಕು ಎಂದೆ. "ಮೆಟ್ಟಿಲು. ಒಣಗಿದ್ದ ಮೆಟ್ಟಿಲು. ಮೇಲಿಂದ ಎಣಿಸ್ಕೊಂಡು ಇಳಿದೆ, ಕಾಲಿಗೆ ನೀರು ತಗಲೋವರೆಗೆ." ನಾನು ಬೆಂಕಿಯಾದೆ. ಕುರುಡು ಮನುಷ್ಯ, ಮಳೆಗಾಲದ ನದಿ, ಪಾಚಿ ಹಿಡಿದ ಕಲ್ಲು. ಹನ್ನೊಂದು ದಿನದ ನಿದ್ದೆಗೇಡು ಎಲ್ಲ ಸೇರಿ ಬಾಯಿಗೆ ಬಂತು. "ಆಫೀಸಿನೋರಿಗೆ ನಿಮ್ಮ ಮೆಟ್ಟಿಲು ಬೇಕಾಗಿಲ್ಲ, ಅಂಕಿ ಬೇಕು! ಸೆಂಟಿಮೀಟರು! ಮೆಟ್ಟಿಲಂತೆ ಮೆಟ್ಟಿಲು. ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದ ಹಾಗೆ!" ಅವರು ಕುರ್ಚಿ ಹಿಡಿದುಕೊಂಡು ಎದ್ದು ಒಳಗೆ ಹೋದರು.

ನಾನು ಪೆನ್ನು ತೆಗೆದುಕೊಂಡು ನಾಲ್ಕು ನಲವತ್ತೈದರಿಂದ ನಾಲ್ಕು ಎಂಬತ್ತರವರೆಗೆ, ಹರಿದ ಬಟ್ಟೆಗೆ ರಫೂ ಹಾಕಿದ ಹಾಗೆ, ಈ ಅಂಚಿಗೂ ಆ ಅಂಚಿಗೂ ಸೇರಿಸಿಬಿಟ್ಟೆ. ಒಂದು ದಿನ ಎರಡು ಸೆಂಟಿಮೀಟರು, ಒಂದು ದಿನ ನಾಲ್ಕು. ಅನುಮಾನ ಬಾರದಿರಲಿ ಎಂದು ಒಂದು ಕಡೆ ಒಂದು ಇಳಿಸಿದೆ ಕೂಡ. ನನ್ನ ಜಾಣತನ ನೋಡು. ಹೋದ ತಿಂಗಳು ನೀನು ಕಂಪ್ಯೂಟರಿನಲ್ಲಿ ಗೆರೆಗಳನ್ನು ತೋರಿಸುತ್ತಾ ಅದೇ ಜಾಗಕ್ಕೆ ಬೆರಳಿಟ್ಟು, "ನೋಡಜ್ಜಿ, ನಾನು ಹುಟ್ಟಿದ ವಾರ! ನದಿ ಎಷ್ಟು ನಯವಾಗಿ ಏರಿದೆ!" ಎಂದೆ. ನಯವಾಗಿ ಏರದೆ ಏನು, ಹೊಲಿದವಳು ದರ್ಜಿ ಕೆಲಸ ಬಲ್ಲವಳು. ಆಗಲೇ ಹೇಳಬೇಕಿತ್ತು. ನಿನ್ನ ಮುಖದ ಸಂತೋಷ ನೋಡಿ ನುಂಗಿಕೊಂಡೆ.

ಭಾನುವಾರ ನುಂಗಿಕೊಳ್ಳಲಾಗದೆ ಫೋನ್ ಮಾಡಿದೆ. ಎಲ್ಲ ಹೇಳಿದೆ. ಆಮೇಲೆ ನೀನು ಏನಂದೆ ಜ್ಞಾಪಕವಿದೆಯಾ? ನನಗೆ ಅಕ್ಷರಕ್ಕೆ ಅಕ್ಷರ ಇದೆ. "ಅಜ್ಜಿ, ಹನ್ನೊಂದು ಸಾವಿರ ದಿನದಲ್ಲಿ ಹನ್ನೊಂದು ದಿನ. ಬಿಡು, ಯಾರೂ ಗಮನಿಸಲ್ಲ. ಈಗ ಇದನ್ನೆಲ್ಲ ಬರೆದ್ರೆ ಮಿಕ್ಕಿದ್ದನ್ನೂ ನಂಬಲ್ಲ, ಅರ್ಜಿ ಮೂಲೆಗೆ ಬೀಳತ್ತೆ. ನೀನು ಸಹಿ ಹಾಕಿ ಕಳಿಸು, ಸಾಕು." ನಾನು ಇನ್ನೂ ಏನೋ ಹೇಳುವಷ್ಟರಲ್ಲಿ ನೀನು ಇಟ್ಟೇಬಿಟ್ಟೆ.

ಸಿಡಿಲು ಬಡಿದ ಹಾಗಾಯಿತು ಕಣೇ. ನಾನು ಮಾಡಿದ್ದು ಸುಳ್ಳು, ಆದರೆ ನಾನು ನಾಲ್ಕನೇ ಕ್ಲಾಸಿನ ಹೆಂಗಸು, ಅದು ಯಾವತ್ತೋ ಯಾರಿಗೋ ಬೇಕಾಗುತ್ತದೆ ಎಂದು ಕನಸಲ್ಲೂ ಎಣಿಸಿದವಳಲ್ಲ. ಬ್ರೌನ್ ರಟ್ಟಿನ ಪುಸ್ತಕ, ಆಫೀಸಿನವರೇ ಓದುತ್ತಿರಲಿಲ್ಲ. ನೀನು? ಹೆಸರಿನ ಮುಂದೆ ಡಾಕ್ಟರು ಹಾಕಿಕೊಂಡವಳು. ಗೊತ್ತಿದ್ದೂ 'ಕೊರತೆಗಳಿಲ್ಲ' ಎಂದು ಬರೆದು ನನ್ನ ಸಹಿ ಕೇಳುತ್ತೀಯಾ? ನಿನ್ನಮ್ಮನ ಹತ್ತಿರ ಹೇಳಿಕೊಂಡರೆ ಅವಳು ನಿನಗಿಂತ ಒಂದು ಕೈ ಮೇಲೆ. "ಅಮ್ಮಾ, ಸತ್ತೋರ ಮರ್ಯಾದೆ ಯಾಕೆ ತೆಗೀತೀಯ? ಗೋಡೆ ಮೇಲೆ ಸರ್ಟಿಫಿಕೇಟಿದೆ, ಒಂದು ದಿನವೂ ತಪ್ಪದ ಸೇವೆ ಅಂತ. ಹಾಯಾಗಿ ನೇತಾಡ್ಲಿ ಬಿಡು." ನಾನಂದೆ, "ಅವರ ಮರ್ಯಾದೆ ಎಲ್ಲೂ ಹೋಗಲ್ಲ. ಹೋಗೋದು ನಂದು. ಇಟ್ಕೊಂಡು ಏನು ಮಾಡ್ಲಿ, ಬೀರುವಿನಲ್ಲಿ ಜಾಗ ಇಲ್ಲ." ಅವಳು ಸೌಟು ಕುಕ್ಕಿ ಒಳಗೆ ಹೋದಳು.

ಇಲ್ಲಿಯವರೆಗಿನದು ನಿನಗೆ ಗೊತ್ತಿರುವ ಕತೆ. ಗೊತ್ತಿಲ್ಲದ್ದು ಸೋಮವಾರ ನಡೆಯಿತು.

ನಿನ್ನ ಮೇಲಿನ ಸಿಟ್ಟಿಗೆ ನೋಟ್‌ಬುಕ್ಕುಗಳನ್ನೆಲ್ಲ ತೆಗೆದು ಎಲ್ಲಾದರೂ ಬಚ್ಚಿಡೋಣ ಎಂದು ಟ್ರಂಕು ಖಾಲಿ ಮಾಡಿದೆ. ತಳದಲ್ಲಿ ಆ ರಟ್ಟು ಇತ್ತು. ಹಳೆಯ ಕ್ಯಾಲೆಂಡರಿನ ಹಿಂಬದಿಯ ದಪ್ಪ ರಟ್ಟು. ನೀನೂ ನೋಡಿದ್ದೆ, ಎತ್ತಿ, ಬೆಳಕಿಗೆ ಅಲ್ಲಾಡಿಸಿ, "ಇದನ್ನ ಹುಳ ತಿಂದು ಜರಡಿ ಮಾಡಿದೆ ಅಜ್ಜಿ" ಎಂದು ಮತ್ತೆ ತಳಕ್ಕೆ ಹಾಕಿದ್ದೆ. ಹೌದು, ಬಿಸಾಕಬೇಕು ಎಂದು ನಾನೇ ಅಂದಿದ್ದೆ. ಸೋಮವಾರ ಬಿಸಾಕಲು ಎತ್ತಿದೆ. ಕಿಟಕಿಯ ಬಿಸಿಲು ತೂತುಗಳಿಂದ ನೆಲದ ಮೇಲೆ ಬಿತ್ತು. ಚುಕ್ಕಿ ಚುಕ್ಕಿ ಬೆಳಕು. ಸಾಲು ಸಾಲಾಗಿ.

ನಿಂತಲ್ಲೇ ನಿಂತೆ. ಹುಳ ಎಲ್ಲಿಯಾದರೂ ಸಾಲು ಹಿಡಿದು ತಿನ್ನುತ್ತದೆಯೇ?

ನೆಲದ ಮೇಲೆ ಕೂತು ಬೆರಳಾಡಿಸಿದೆ. ಸೂಜಿಯಿಂದ ಚುಚ್ಚಿದ್ದು. ನನ್ನದೇ ದಬ್ಬಣ, ಹೊಲಿಗೆ ಡಬ್ಬಿಯದು. ಒಂದು ಸಾಲಿನಲ್ಲಿ ಹದಿನಾಲ್ಕು ತೂತು. ಮುಂದಿನದರಲ್ಲೂ ಹದಿನಾಲ್ಕು. ಆಮೇಲೆ ಹದಿಮೂರು. ಸಾಲುಗಳನ್ನು ಎಣಿಸಿದೆ. ಇಪ್ಪತ್ತೆರಡು. ಹನ್ನೊಂದು ದಿನ, ಬೆಳಿಗ್ಗೆ ಒಂದು, ಸಂಜೆ ಒಂದು. ಪೆನ್ಸಿಲಿನಲ್ಲಿ ಬರೆದರೆ ತನಗೇ ಕಾಣದು, ಬೆರಳಿಗೆ ತಿಳಿಯಲಿ ಎಂದು ಚುಚ್ಚಿಟ್ಟಿದ್ದಾರೆ ಆ ಮನುಷ್ಯ. ನಾನು ಬೈದ ಮೇಲೂ ಹರಿದು ಹಾಕಲಿಲ್ಲ. ನನಗೆ ಹೇಳಲೂ ಇಲ್ಲ. ನೋಟ್‌ಬುಕ್ಕುಗಳ ಅಡಿಗೆ ಹಾಸಿ, ಅದರ ಮೇಲೆ ನನ್ನ ಸುಳ್ಳನ್ನು ಇಟ್ಟು ಟ್ರಂಕು ಮುಚ್ಚಿದ್ದಾರೆ. ಅವರು ಹೋಗಿ ಹನ್ನೆರಡು ವರ್ಷ. ಹನ್ನೆರಡು ವರ್ಷ ಅದರ ಮೇಲೆ ನುಸಿಗುಳಿಗೆ ಹಾಕಿಕೊಂಡು ಕೂತಿದ್ದೆ ನಾನು.

ಬೆರಳು ಕೆಳಗಿಳಿಸುತ್ತಾ ಹೋದೆ. ಹನ್ನೆರಡು. ಹತ್ತು. ಒಂಬತ್ತು. ಏಳು. ಆರು. ಐದು. ನಾಲ್ಕು. ಹನ್ನೊಂದನೇ ಸಾಲಿಗೆ ಬಂದೆ, ಆರನೇ ದಿನದ ಬೆಳಗು. ಮೂರು.

ತಪ್ಪಿತೇನೋ ಎಂದು ಮತ್ತೆ ಮುಟ್ಟಿದೆ. ಒಂದು, ಎರಡು, ಮೂರು. ಆಮೇಲೆ ಬರೀ ರಟ್ಟು. ಇಪ್ಪತ್ತಾರು ಮೆಟ್ಟಿಲಲ್ಲಿ ಮೂರೇ ಒಣಗಿದ್ದವು. ನದಿ ಹಿತ್ತಲ ಬಾಗಿಲಿಗೆ ಬಂದಿತ್ತು. ಆ ಸದ್ದಿನಲ್ಲಿ, ಏನೂ ಕಾಣದೆ, ಬರಿಗಾಲಲ್ಲಿ, ಕೈಗೆ ಹೆಗಲಿಲ್ಲದೆ ಇಳಿದಿದ್ದಾರೆ. ನಾಲ್ಕನೇ ಮೆಟ್ಟಿಲಿಗೆ ಕಾಲಿಟ್ಟಾಗ ನೀರು ತಗಲಿದೆ. ವಾಪಸ್ಸು ಹತ್ತಿ, ದಬ್ಬಣ ಹುಡುಕಿ, ಮೂರು ತೂತು ಚುಚ್ಚಿದ್ದಾರೆ. ಸಂಜೆ ಮತ್ತೆ ಇಳಿದಿದ್ದಾರೆ. ಸಂಜೆಯ ಸಾಲಿನಲ್ಲಿ ನಾಲ್ಕು.

ಅದೇ ಬೆಳಗಿಗೆ ನೋಟ್‌ಬುಕ್ಕಿನಲ್ಲಿ ನಾನು ಬರೆದದ್ದೇನು ಗೊತ್ತೇ? ನಾಲ್ಕು ಮೀಟರು ಅರವತ್ತು.

ನಿನ್ನೆ ನಿನ್ನಮ್ಮನನ್ನು ಎಬ್ಬಿಸಿಕೊಂಡು ಆಟೋದಲ್ಲಿ ಹಳೆಯ ಸೇತುವೆಗೆ ಹೋದೆ. ದಾರಿಯುದ್ದಕ್ಕೂ ಗೊಣಗಿದಳು: "ಎಂಬತ್ತೆರಡು ವರ್ಷಕ್ಕೆ ಮಂಡಿ ನೋವು, ಈಗ ಮೆಟ್ಟಿಲು ಎಣಿಸೋ ಹುಚ್ಚು ಬೇರೆ." ಕ್ವಾರ್ಟರ್ಸು ಬಿದ್ದುಹೋಗಿದೆ, ಮೆಟ್ಟಿಲು ಇವೆ. ನನ್ನ ಹೊಲಿಗೆ ಟೇಪು ತೆಗೆದುಕೊಂಡು ಹೋಗಿದ್ದೆ. ಅಲ್ಲಿ ಹೋಗಿ ನೋಡಿದರೆ ಮೆಟ್ಟಿಲ ಪಕ್ಕದ ಗೋಡೆಗೆ ಹೊಸ ಕೆಂಪು ಗೆರೆ ಬಳಿದಿದ್ದಾರೆ. ಪಕ್ಕದಲ್ಲಿ ಆರು ಮೀಟರು ನಲವತ್ತು ಎಂದು ಬರೆದಿದೆ. ನೀನು ಹೇಳಿದ್ದು ನೆನಪಾಯಿತು: ಅರ್ಜಿಗಿಂತ ಮುಂಚೆಯೇ ಎಂಜಿನಿಯರುಗಳು ಕೇಳಿದರು, ಮೂವತ್ತೊಂದು ವರ್ಷದ ಅತಿ ಹೆಚ್ಚಿನ ಅಂಕಿ ಕೊಟ್ಟೆ, ಅದರ ಮೇಲೆ ಒಂದು ಗೇಣು ಬಿಟ್ಟು ತಡೆಗೋಡೆ ಕಟ್ಟುತ್ತಾರೆ ಎಂದು. ಆ ತಡೆಗೋಡೆಯ ತುದಿ ಬರುವುದು ಈ ಗೆರೆಯ ಮಟ್ಟಕ್ಕೆ. ಆ ಕೆಂಪು ಗೆರೆಗೆ ನೀರು ಬಂದರೆ ಒಣಗಿ ಉಳಿಯುವುದು ಏಳು ಮೆಟ್ಟಿಲು. ನಾನು ಏಳರಿಂದ ಮೂರಕ್ಕೆ, ನಾಲ್ಕು ಮೆಟ್ಟಿಲು, ಒಂದೊಂದಾಗಿ ಟೇಪು ಹಿಡಿದೆ. ಎಲ್ಲವೂ ಒಂದೇ ಎತ್ತರವಲ್ಲ. ಕೂಡಿಸಿದರೆ ನೂರಾ ಆರು ಸೆಂಟಿಮೀಟರು. ಅದು ಎಷ್ಟು ಎಂದು ನಿನ್ನಮ್ಮ ಕೇಳಿದಳು. ನಾನು ಸೊಂಟದ ಹತ್ತಿರ ಕೈಯಿಟ್ಟು ತೋರಿಸಿದೆ. ನಾಲ್ಕು ವರ್ಷದ ಮಗುವಿನ ನೆತ್ತಿ.

"ಅಪ್ಪ ತಪ್ಪಾಗಿ ಎಣಿಸಿದ್ರೆ?" ಎಂದಳು. ಒಳ್ಳೆಯ ಪ್ರಶ್ನೆ. ಅದಕ್ಕೂ ಉತ್ತರ ಇದೆ. ಅವರ ಕೊನೆಯ ಸಾಲು, ನಾನು ಬಂದ ದಿನಕ್ಕೆ ಹಿಂದಿನ ಸಂಜೆಯದು, ಹದಿಮೂರು. ಹದಿಮೂರು ಮೆಟ್ಟಿಲು ಒಣಗಿದ್ದರೆ ನೀರು ಎಷ್ಟಿರಬೇಕು ಎಂದು ಕೆಂಪು ಗೆರೆಯಿಂದ ಕೆಳಗೆ ಟೇಪು ಹಿಡಿದುಕೊಂಡು ಹೋದೆವು. ನಿನ್ನಮ್ಮ ಆಟೋ ಚೀಟಿಯ ಹಿಂದೆ ಕಳೆದಳು. ನಾಲ್ಕು ಮೀಟರು ಎಂಬತ್ತನಾಲ್ಕು. ಮಾರನೇ ದಿನ ಬೆಳಿಗ್ಗೆ ನಾನು ನನ್ನ ಕಣ್ಣಿಂದ ಕಂಬ ಓದಿ ಬರೆದದ್ದು ನಾಲ್ಕು ಎಂಬತ್ತು. ನಾಲ್ಕು ಬೆರಳಿಗೂ ಕಡಿಮೆ ವ್ಯತ್ಯಾಸ. ನಿನ್ನಮ್ಮ ಚೀಟಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಗೊಣಗಾಟ ಅಲ್ಲಿಗೆ ನಿಂತಿತು.

ಆಗ ನಾನು ತಲೆಯೆತ್ತಿ ಪಕ್ಕಕ್ಕೆ ನೋಡಿದೆ. ನಮ್ಮ ಕಾಲದಲ್ಲಿ ಅದು ಜೊಂಡು ಬೆಳೆದ ತಗ್ಗು ಬಯಲು. ನೀರು ಬಂದು ನಿಂತು ಹೋದರೂ ಕೇಳುವವರಿರಲಿಲ್ಲ. ಅದಕ್ಕೇ ಆ ಆರನೇ ದಿನ ಊರಿನಲ್ಲಿ ಯಾರಿಗೂ ನೆನಪಿಲ್ಲ. ಈಗ ಅಲ್ಲಿ ಮೂರು ಸಾಲು ಮನೆ, ತಂತಿಯ ಮೇಲೆ ಒಣಗುವ ಬಟ್ಟೆ, ಒಂದು ಹಳದಿ ಬಣ್ಣದ ಶಿಶುವಿಹಾರ. ಕಿಟಕಿ ತೆರೆದಿತ್ತು. ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ನೀರಿನ ಬಾಟಲಿ ಇಟ್ಟಿದ್ದರು, ಒಂದು ನೀಲಿ, ಒಂದು ಕೆಂಪು, ಒಂದಕ್ಕೆ ಮುಚ್ಚಳವಿಲ್ಲ. ನಾನು ಮೇಲಿಂದ ಮೂರನೇ ಮೆಟ್ಟಿಲ ಮೇಲೆ ನಿಂತಿದ್ದೆ. ಬಾಟಲಿಗಳು ನನ್ನ ಕಾಲಿನ ಮಟ್ಟಕ್ಕಿದ್ದವು.

ಜೀರುಂಡೆ, ಕೇಳು. ನಾನು ರಫೂ ಹಾಕಿದ ಬಟ್ಟೆಯನ್ನು ನೀನು ಆ ಮಕ್ಕಳಿಗೆ ಹೊದಿಸಲು ಹೊರಟಿದ್ದೆ. ತಿಳಿಯದೆ. ಭಾನುವಾರದವರೆಗೆ ತಿಳಿಯದೆ. ಭಾನುವಾರದ ನಂತರ ತಿಳಿದು. ಆ ಎರಡರ ನಡುವಿನ ವ್ಯತ್ಯಾಸ ನಿನಗೆ ನಾನು ಹೇಳಿಕೊಡಬೇಕೇ? ಹೇಳಿಕೊಡುವ ಯೋಗ್ಯತೆ ನನಗಿಲ್ಲ ಎಂದೂ ಗೊತ್ತು. ಕಣ್ಣಿದ್ದವಳು ಸುಳ್ಳು ಬರೆದೆ, ಕಣ್ಣಿಲ್ಲದವರು ನಿಜ ಚುಚ್ಚಿಟ್ಟರು. ಇದಕ್ಕಿಂತ ಹೆಚ್ಚು ಬೈಗುಳ ನನಗೆ ನಾನೇ ಬೈದುಕೊಳ್ಳಲಾರೆ, ಮಿಕ್ಕಿದ್ದು ನಿನಗೆ ಬಿಟ್ಟಿದ್ದೇನೆ.

ಈಗ ನಾನು ಹೇಳುವ ಹಾಗೆ ಆ ಹಾಳೆಗಳನ್ನು ತಿದ್ದು. 'ಒಬ್ಬರೇ ವೀಕ್ಷಕರು' ಎಂಬುದನ್ನು ಹೊಡೆದು, ಮೊದಲ ಇಪ್ಪತ್ತೆರಡು ವರ್ಷ ಅವರು, ಕೊನೆಯ ಒಂಬತ್ತು ವರ್ಷ ಅವರ ಹೆಂಡತಿ ಎಂದು ಬರೆ. ತರಬೇತಿ ಏನು ಎಂದು ಕೇಳಿದರೆ, ನಾಲ್ಕನೇ ತರಗತಿ ಎಂದು ಬರೆ, ನಾಚಿಕೆಯಿಲ್ಲ. 'ಕೊರತೆಗಳಿಲ್ಲ' ಎಂಬುದರ ಮೇಲೆ ದಪ್ಪ ಗೆರೆ ಎಳೆ. ಹನ್ನೊಂದು ದಿನದ ಅಂಕಿ ಕಟ್ಟುಕತೆ, ಬದಲಿಗೆ ರಟ್ಟು ಇದೆ, ಅದನ್ನು ಓದುವುದು ಹೀಗೆ ಎಂದು ಬರೆ. ಆ ರಟ್ಟಿನ ಚಿತ್ರ ತೆಗೆದರೆ ಸಾಲದು, ಹುಳ ತಿಂದದ್ದೆಂದು ನಿನ್ನಂಥವಳು ಇನ್ನೊಬ್ಬಳು ತಳಕ್ಕೆ ಹಾಕುತ್ತಾಳೆ. ಎಂಜಿನಿಯರುಗಳಿಗೆ ಇವತ್ತೇ ಫೋನ್ ಮಾಡು. ಅರ್ಜಿ ಶುಕ್ರವಾರದ್ದು, ಗೆರೆ ಇವತ್ತಿನದು.

ಇನ್ನೊಂದಿದೆ. ನಾಲ್ಕನೇ ಹಾಳೆಯಲ್ಲಿ, ನಿನ್ನ ಲೇಖನ ಅಚ್ಚಾದ ಮೇಲೆ, ಮೂರು ವರ್ಷದ ನಂತರ, ಅಂಕಿಗಳನ್ನು ಎಲ್ಲರಿಗೂ ತೆರೆಯಲಾಗುವುದು ಎಂದು ಬರೆದಿದ್ದೀಯ. ಎರಡನೇ ಹಾಳೆ ಓದಿದಾಗ ಯಾರು ಬೇಕಾದರೂ ನೋಡುತ್ತಾರಲ್ಲ ಎಂದು ಹೆದರಿದವಳು ನಾನೇ. ಈಗ ಕೇಳುತ್ತೇನೆ, ಮೂರು ವರ್ಷ ಯಾಕೆ? ನದಿ ನಿನ್ನ ಲೇಖನ ಅಚ್ಚಾಗಲಿ ಎಂದು ಕಾಯುತ್ತದೆಯೇ? ಇಷ್ಟು ವರ್ಷ ಯಾರೂ ತೆರೆದು ನೋಡದೆ ಇದ್ದುದರಿಂದಲೇ ನನ್ನ ಸುಳ್ಳು ಅಷ್ಟು ನೆಮ್ಮದಿಯಾಗಿ ಮಲಗಿತ್ತು. ಒಬ್ಬ ಗುಮಾಸ್ತ ಬಂದು, "ಏನಮ್ಮಾ, ಪಕ್ಕದ ಊರಲ್ಲಿ ಹೊಳೆ ಅಷ್ಟು ಉಕ್ಕಿದೆ, ನಿಮ್ಮಲ್ಲಿ ನಾಲ್ಕು ಅರವತ್ತಾ?" ಎಂದು ಕೇಳಿದ್ದರೆ ಅಲ್ಲೇ ಕಕ್ಕಿಬಿಡುತ್ತಿದ್ದೆ. ತೆರೆ. ಎಲ್ಲ ತೆರೆ. ನೋಡುವವರು ನೋಡಲಿ, ನಗುವವರು ನಗಲಿ, ತಪ್ಪು ಹಿಡಿಯುವವರು ಹಿಡಿಯಲಿ. ಈ ಕಾಗದವನ್ನೂ ಅಂಕಿಗಳ ಜೊತೆಗೇ ಇಡು. ನನ್ನ ಹೆಸರು ಅಳಿಸಬೇಕೆಂದರೆ ಅಳಿಸು. ಬಾಯಿ ನೋಡಿಯೇ ಊರವರು ಇದು ಯಾರು ಎಂದು ಹೇಳುತ್ತಾರೆ.

ಅರ್ಜಿ ಬೀಳಬಹುದು. ಗೊತ್ತು. ನಿನ್ನ ಕೆಲಸ ಹೋದರೆ ಅದರಲ್ಲಿ ನನ್ನ ಪಾಲು ಎಷ್ಟೆಂದೂ ಗೊತ್ತು. ಆದರೂ ನೀನು ಕಳಿಸಿದ ಹಾಳೆಗೆ ನಾನು ಸಹಿ ಹಾಕುವುದಿಲ್ಲ. ಆ ಜಾಗ ಖಾಲಿ ಬಿಟ್ಟು, ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ನನ್ನ ಸಹಿ ಈ ಕಾಗದದ ಕೆಳಗಿದೆ. ಬೇಕಾದರೆ ಇದನ್ನೇ ಅರ್ಜಿಗೆ ಹಚ್ಚು. ಇದು ಬೇಡವೆಂದರೆ ನನ್ನ ಒಪ್ಪಿಗೆಯೂ ಇಲ್ಲ, ನೋಟ್‌ಬುಕ್ಕೂ ಇಲ್ಲ.

ನಿನ್ನಮ್ಮ ಇದರ ಫೋಟೋ ತೆಗೆದು ಮೊಬೈಲಿನಲ್ಲಿ ಇವತ್ತೇ ಕಳಿಸುತ್ತಾಳೆ. ಅಸಲು ಅಂಚೆಯಲ್ಲಿ ಬರುತ್ತದೆ. ರಟ್ಟನ್ನು ಮಾತ್ರ ಅಂಚೆಗೆ ಹಾಕುವುದಿಲ್ಲ. ನೀನೇ ಬಾ. ಕಣ್ಣು ಮುಚ್ಚಿ ಬೆರಳಿಟ್ಟು ಓದು. ಹನ್ನೊಂದನೇ ಸಾಲು ಬಂದಾಗ ಸ್ವಲ್ಪ ನಿಲ್ಲು. ನೀನು ಹುಟ್ಟಿ ಮೂರನೇ ದಿನ ಅದು. ನೀನು ಗಾಜಿನ ಪೆಟ್ಟಿಗೆಯಲ್ಲಿ ಒಂದು ಕೇಜಿ ಆರುನೂರು ಗ್ರಾಮಿನೊಡನೆ ಕಿರ್ ಎನ್ನುತ್ತಿದ್ದಾಗ ನಿನ್ನ ತಾತ ಎಲ್ಲಿ ನಿಂತಿದ್ದರು ಎಂದು ಆ ಮೂರು ತೂತು ಹೇಳುತ್ತವೆ. ನೀನು ಉಳಿದೆಯೋ ಇಲ್ಲವೋ ಎಂದು ಅವರಿಗೆ ಆಗಿನ್ನೂ ಸುದ್ದಿ ಮುಟ್ಟಿರಲಿಲ್ಲ.

ನಿನ್ನ ಕಾಲಿಗೆ ನೀರು ತಗಲುವ ಮೊದಲೇ ಎಷ್ಟು ಮೆಟ್ಟಿಲು ಒಣಗಿವೆ ಎಂದು ನಿನಗೆ ತಿಳಿಯುತ್ತಿರಲಿ ಮಗಳೇ. ತಗಲಿದರೆ, ಹಿಂದಕ್ಕೆ ಹತ್ತಿ ಬಂದು ಅದನ್ನು ಇದ್ದ ಹಾಗೇ ಬರೆದಿಡುವ ಕೈ ನಿನ್ನದಾಗಲಿ. ನೂರು ವರ್ಷ ಕಿರ್ ಎನ್ನುತ್ತಿರು.

ಕೊನೆಯ ಒಂಬತ್ತು ವರ್ಷ ಕಂಬ ಓದಿದವಳು, ಹನ್ನೊಂದು ದಿನ ಓದದವಳು,
ನಿನ್ನ ಅಜ್ಜಿ